ರೆಕಾರ್ಡೋ, ರೀಲೋ: ಮೊದಲು ಯಾವುದಕ್ಕೆ ಕೈಹಾಕಬೇಕು?

"ಹಳೇ ಕಾಲದ್ದು ಏನಾದರೂ ಶುರುಮಾಡಬೇಕು ಅನ್ನಿಸ್ತಿದೆ. ರೆಕಾರ್ಡ್ ಪ್ಲೇಯರ್ ತಗೊಳ್ಳಲಾ, ಫಿಲ್ಮ್ ಕ್ಯಾಮೆರಾ ತಗೊಳ್ಳಲಾ?" ಈಚೆಗೆ ಈ ಪ್ರಶ್ನೆ ಜಾಸ್ತಿ ಕಿವಿಗೆ ಬೀಳುತ್ತಿದೆ. ಕೇಳುವವರಲ್ಲಿ ಎಷ್ಟೋ ಜನ ಹುಟ್ಟುವ ಹೊತ್ತಿಗೆ ಎರಡೂ ಅಟ್ಟ ಸೇರಿ ಧೂಳು ತಿನ್ನುತ್ತಿದ್ದವು. ಅವರದು ಎರವಲು ನೆನಪು, ಇರಲಿ, ಎರವಲು ನೆನಪಿಗೂ ಸೆಳೆತ ಇರುತ್ತದೆ. ಆದರೆ ಎರಡನ್ನೂ ಒಂದೇ ಗಂಟಿಗೆ ಕಟ್ಟಿ 'ಅನಲಾಗ್' ಎಂದು ಹೆಸರಿಟ್ಟರೆ ಆಯ್ಕೆ ಮಾಡುವುದೇ ಕಷ್ಟ. ಎರಡನ್ನೂ ಮನೆಯಲ್ಲಿಟ್ಟುಕೊಂಡು ಹೆಣಗುವವನಾಗಿ ಹೇಳುತ್ತೇನೆ, ಇವೆರಡಕ್ಕೂ ಇರುವ ನೆಂಟಸ್ತನ ಬಹಳ ದೂರದ್ದು.

ರೆಕಾರ್ಡ್ ಕೇಳುವವನ ಹವ್ಯಾಸ, ರೀಲು ಮಾಡುವವನ ಹವ್ಯಾಸ. ರೆಕಾರ್ಡ್ ಹಾಕಿದಾಗ ಯಾರೋ ಮಾಡಿ ಮುಗಿಸಿದ್ದು ನಿಮ್ಮ ಕೋಣೆಗೆ ಬರುತ್ತದೆ, ಅದನ್ನು ಕೆಡಿಸದೆ ಕೇಳಿದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ಕ್ಯಾಮೆರಾಕ್ಕೆ ರೀಲು ಹಾಕಿದಾಗ ಕೈಯಲ್ಲಿರುವುದು ಖಾಲಿ ಪಟ್ಟಿ. ಬೆಳಕು, ದೂರ, ಶಟರಿನ ವೇಗ ಎಲ್ಲದರ ಹೊಣೆ ನಿಮ್ಮದು, ತಪ್ಪಿದ್ದು ಗೊತ್ತಾಗುವುದು ವಾರ ಕಳೆದ ಮೇಲೆ. ಸಂಜೆ ದಣಿದು ಬಂದು ಸುಮ್ಮನೆ ಕೂರಬೇಕು ಅನ್ನುವವರಿಗೂ, ರಜೆ ಸಿಕ್ಕರೆ ಕಾಲಿಗೆ ಚಪ್ಪಲಿ ಮೆಟ್ಟುವವರಿಗೂ ಒಂದೇ ಉತ್ತರ ಹೇಗೆ ಕೊಡಲಿ?

ದುಡ್ಡು ಯಾವ ಬಾಗಿಲಿನಿಂದ ಹೋಗುತ್ತದೆ

ರೆಕಾರ್ಡಿನ ಖರ್ಚು ಶುರುವಿನಲ್ಲೇ ಮೈಮೇಲೆ ಬೀಳುತ್ತದೆ. ಟರ್ನ್‌ಟೇಬಲ್, ಫೋನೊ ಪ್ರಿಆಂಪ್ (ರೆಕಾರ್ಡಿನ ದನಿಯನ್ನು ಸರಿದೂಗಿಸುವ ಪೆಟ್ಟಿಗೆ, ವಿವರ ಮುಂದಿದೆ), ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್, ಇಷ್ಟಿಲ್ಲದೆ ಮೊದಲ ಹಾಡೇ ಇಲ್ಲ. ಕೆಲವು ಟರ್ನ್‌ಟೇಬಲ್‌ಗಳಲ್ಲಿ ಪ್ರಿಆಂಪ್ ಒಳಗೇ ಕೂತಿರುತ್ತದೆ, ಕೆಲವು ಸ್ಪೀಕರ್‌ಗಳಲ್ಲಿ ಆಂಪ್ಲಿಫೈಯರ್, ಹಾಗಾದರೆ ಪೆಟ್ಟಿಗೆಗಳ ಲೆಕ್ಕ ಇಳಿಯುತ್ತದೆ ಅಷ್ಟೆ. ಆಮೇಲೆ ಒಂದೇ ರೆಕಾರ್ಡನ್ನು ನೂರು ಸಲ ಕೇಳಿ, ಯಾರೂ ಬಿಲ್ಲು ಕೊಡುವುದಿಲ್ಲ. ಮುಖ್ಯವಾಗಿ ಸವೆಯುವುದು ಗೆರೆಯಲ್ಲಿ ಓಡುವ ಮುಳ್ಳು, ಅದನ್ನು 500ರಿಂದ 1,000 ಗಂಟೆ ಓಡಿದ ಮೇಲೆ ಬದಲಿಸಬೇಕು.

ಫಿಲ್ಮಿನದು ಇದಕ್ಕೆ ತದ್ವಿರುದ್ಧ. ಯಾರದೋ ಬೀರುವಿನಲ್ಲಿ ಮಲಗಿರುವ ಕ್ಯಾಮೆರಾ ಎರವಲು ಸಿಕ್ಕರೆ ಶುರುವಿನ ಖರ್ಚು ಒಂದು ರೀಲಿನಷ್ಟೇ. ಆದರೆ ಆ ನಲ್ಲಿ ಯಾವತ್ತೂ ನಿಲ್ಲುವುದಿಲ್ಲ. ರೀಲು ಕೊಳ್ಳಬೇಕು, ತೊಳೆಸಬೇಕು (ಅಂದರೆ ರಾಸಾಯನಿಕದಲ್ಲಿ ಚಿತ್ರ ಮೂಡಿಸಬೇಕು), ಸ್ಕ್ಯಾನ್ ಮಾಡಿಸಬೇಕು, ಅಂದರೆ 36 ಫೋಟೊಕ್ಕೆ ಮೂರು ಸಲ ಜೇಬಿಗೆ ಕೈಹಾಕಬೇಕು. ವರ್ಷಕ್ಕೆ ಎಷ್ಟು ರೀಲು ಎಂದು ಲೆಕ್ಕ ಹಾಕಿಯೇ ಇಳಿಯಿರಿ. ನಾನು ಲೆಕ್ಕ ಹಾಕದೆ ಇಳಿದವನು. ಮೊದಲ ವರ್ಷದ ಒಟ್ಟು ಕ್ಯಾಮೆರಾದ ಬೆಲೆಯನ್ನು ಯಾವಾಗ ದಾಟಿತೋ ಗಮನಕ್ಕೇ ಬರಲಿಲ್ಲ.

ಹಾಗಾಗಿ ಕೊಳ್ಳುವ ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ರೆಕಾರ್ಡಿನ ಪರೀಕ್ಷೆಗೆ ಕಾಸು ಬೇಡ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದನ್ನೂ ಹಾರಿಸದೆ ಕೇಳುವ ಹತ್ತು ಆಲ್ಬಮ್‌ಗಳ ಹೆಸರು ಬರೆಯಿರಿ. ನಾಲ್ಕಕ್ಕೇ ಪೆನ್ನು ನಿಂತರೆ ನಿಮಗೆ ಬೇಕಿರುವುದು ಒಳ್ಳೆಯ ಹೆಡ್‌ಫೋನ್. ಹತ್ತೂ ಬರೆದವರು ಆ ಹತ್ತರಲ್ಲಿ ಎಷ್ಟು ರೆಕಾರ್ಡಿನಲ್ಲಿ ಸಿಗುತ್ತವೆ ಎಂದು ನೋಡಿಕೊಳ್ಳಿ. ಸಿಗದ ಸಂಗೀತಕ್ಕೆ ಪ್ಲೇಯರ್ ಕೊಂಡು ಕೂತವರು ಇದ್ದಾರೆ. ಫಿಲ್ಮಿನ ಪರೀಕ್ಷೆಗೆ ಎರವಲು ಕ್ಯಾಮೆರಾ, ಮೂರು ರೀಲು. ಮೊದಲನೆಯದು ತಪ್ಪಿಗೆ, ಎರಡನೆಯದು ಉತ್ಸಾಹಕ್ಕೆ ಹೋಗುತ್ತದೆ. ಮೂರನೆಯದನ್ನು ಹಾಕಲು ಕೈ ತಾನಾಗಿ ಹೋದರೆ ಮುಂದುವರಿಯಿರಿ.

ಗುಣಮಟ್ಟದ ಮಾತು

ಡಿಜಿಟಲ್‌ಗಿಂತ ಚೆನ್ನಾಗಿರುತ್ತದೆ ಎಂಬ ಕಾರಣಕ್ಕೆ ಎರಡರಲ್ಲಿ ಯಾವುದನ್ನೂ ಕೊಳ್ಳಬೇಡಿ. ಈ ಲೋಕದಲ್ಲಿ ರೀಲು ಬಿಡುವವರು ಕ್ಯಾಮೆರಾದವರಿಗಿಂತ ರೆಕಾರ್ಡಿನವರಲ್ಲೇ ಹೆಚ್ಚು. 1982ರಲ್ಲಿ ಬಂದ ಸಿಡಿಯಲ್ಲಿ ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವೆ 96 ಡೆಸಿಬೆಲ್ ಅಂತರ ಹಿಡಿಯುತ್ತದೆ. ರೆಕಾರ್ಡಿನಲ್ಲಿ 70ರ ಆಸುಪಾಸು ಸಿಕ್ಕರೆ ಅದೇ ಪುಣ್ಯ. ಅದರ ಮೇಲೆ ಎಲ್‌ಪಿಗೆ, ಅಂದರೆ ಹಲವು ಹಾಡು ಹಿಡಿಯುವ ದೊಡ್ಡ ರೆಕಾರ್ಡಿಗೆ, ಹುಟ್ಟಿನಿಂದಲೇ ಬಂದ ಊನವೊಂದಿದೆ. ತಟ್ಟೆ ಸದಾ ನಿಮಿಷಕ್ಕೆ 33⅓ ಸುತ್ತು ಸುತ್ತುತ್ತದೆ. ಅಂಚಿನ ಸುತ್ತು ದೊಡ್ಡದು, ಅಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ನಡುವಿನ ಲೇಬಲ್ ಹತ್ತಿರ ಬಂದಾಗ 21 ಸೆಂಟಿಮೀಟರ್ ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ಗಾಯಕಿಯ 'ಸ' ಕಾರ ಹಲ್ಲುಸಂದಿಯಿಂದ ಸೀಳಿಬಂದಂತೆ ಕೇಳುವುದು ಇದಕ್ಕೇ. ನಿಮ್ಮ ಪ್ರೀತಿಯ ಹಾಡು ಆ ಜಾಗದಲ್ಲಿದ್ದರೆ ನನ್ನ ಸಂತಾಪ.

ಹಾಗಾದರೆ 'ಬೆಚ್ಚಗಿನ ದನಿ' ಎನ್ನುತ್ತಾರಲ್ಲ, ಅದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಗೆರೆಯಲ್ಲಿ ಹಿಡಿಯಬೇಕೆಂಬ ಕಾರಣಕ್ಕೆ ರೆಕಾರ್ಡಿಗೆ ಬೇರೆಯದೇ ಮಾಸ್ಟರಿಂಗ್ (ದನಿಗೆ ಕೊಡುವ ಕೊನೆಯ ಹದ) ಮಾಡಿರುತ್ತಾರೆ. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಜೋರುಮಾಡಿ ಹಿಂಡಿದ ಸಿಡಿಗಿಂತ ಅದರಲ್ಲಿ ಉಸಿರಾಡುವ ಜಾಗ ಇರುವುದುಂಟು. ಇಷ್ಟವಾಗುವುದು ಆ ಕೈಚಳಕ, ಪ್ಲಾಸ್ಟಿಕ್ಕಿನ ಮಹಿಮೆ ಏನಿಲ್ಲ.

ಚಿತ್ರದ ಕಡೆಗೂ ಇಂಥದೇ ಕಥೆ. ಮಬ್ಬು ಬೆಳಕಿನಲ್ಲಿ ನಿಮ್ಮ ಫೋನ್ 35 ಎಂಎಂ ಫಿಲ್ಮನ್ನು ಸಲೀಸಾಗಿ ಸೋಲಿಸುತ್ತದೆ. ಆದರೆ ಕಲರ್ ನೆಗೆಟಿವ್‌ಗೆ, ಅಂದರೆ ಬಣ್ಣ ತಿರುವುಮುರುವಾಗಿ ಮೂಡುವ ಮಾಮೂಲಿ ಕಲರ್ ರೀಲಿಗೆ, ಒಂದು ಗುಣವಿದೆ. ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಹೆಚ್ಚಾದರೂ ಅದು ಥಟ್ಟನೆ ಬಿಳಿಚಿಕೊಳ್ಳುವುದಿಲ್ಲ, ಬಿಸಿಲಿನ ಗೋಡೆ, ಮೋಡದ ಅಂಚು ನಿಧಾನಕ್ಕೆ ಕರಗುತ್ತವೆ. ಬೆಳಕು ಕಡಿಮೆಯಾದರೆ ಮಾತ್ರ ಕ್ಷಮೆ ಇಲ್ಲ, ನೆರಳೆಲ್ಲ ಕೆಸರು. ಸ್ಲೈಡ್ ಫಿಲ್ಮ್ (ಚಿತ್ರ ನೇರ ಬಣ್ಣದಲ್ಲೇ ಮೂಡುವಂಥದ್ದು) ಬಹಳ ಬಿಗಿ, ಅರ್ಧ ಸ್ಟಾಪ್ ಆಚೀಚೆ ಆದರೂ ಮುನಿಸಿಕೊಳ್ಳುತ್ತದೆ. ಹೊಸಬರು ಅದರ ತಂಟೆಗೆ ಹೋಗದಿರುವುದೇ ವಾಸಿ.

'ಶುದ್ಧ ಅನಲಾಗ್' ಬೇಕೆಂದು ಹಟ ಹಿಡಿದವರಿಗೆ ಇನ್ನೊಂದು ಮಾತು. ಇವತ್ತಿನ ಹೊಸ ರೆಕಾರ್ಡುಗಳಲ್ಲಿ ಬಹುಪಾಲು ಡಿಜಿಟಲ್ ಫೈಲಿನಿಂದಲೇ ಕೊರೆದವು. ಅಪ್ಪಟ ಅನಲಾಗ್ ಎಂಬ ಖ್ಯಾತಿಯ ಮೇಲೆ ದುಬಾರಿ ಮರುಮುದ್ರಣ ಮಾರುತ್ತಿದ್ದ ಅಮೆರಿಕದ ಕಂಪನಿಯೊಂದು ನಡುವೆ ಡಿಜಿಟಲ್ ಹಂತ ಬಳಸುತ್ತಿದ್ದದ್ದು 2022ರಲ್ಲಿ ಬಯಲಾಯಿತು. ಅದರ ದನಿಯನ್ನು ಕೊಂಡಾಡಿದ್ದವರಲ್ಲಿ ಹೆಚ್ಚಿನವರಿಗೆ ವಿಷಯ ತಿಳಿದದ್ದು ಸುದ್ದಿಯಿಂದಲೇ ಹೊರತು ಕಿವಿಯಿಂದಲ್ಲ. ರೀಲನ್ನು ಸ್ಕ್ಯಾನ್ ಮಾಡಿಸಿ ಫೋನಿನಲ್ಲಿ ನೋಡುವವರ ಚಿತ್ರವೂ ಕೊನೆಗೆ ಪಿಕ್ಸೆಲ್ಲೇ. ವ್ಯತ್ಯಾಸವೆಂದರೆ ಫಿಲ್ಮಿನವರಿಗೆ ಡಿಜಿಟಲ್ ಬಿಟ್ಟು ಹೋಗುವ ಒಂದು ದಾರಿ ಕೈಯಳತೆಯಲ್ಲೇ ಇದೆ: ಕಪ್ಪುಬಿಳುಪು ರೀಲು, ಡಾರ್ಕ್‌ರೂಮ್, ಎನ್‌ಲಾರ್ಜರ್ (ನೆಗೆಟಿವ್ ಅನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ), ಕಾಗದ. ರೆಕಾರ್ಡ್ ಕೇಳುಗನಿಗೆ ಅಂಥ ಹಿಡಿತವಿಲ್ಲ, ಕವರಿನ ಮೇಲೆ ಬರೆದದ್ದನ್ನು ನಂಬಬೇಕು.

ನಾಳೆ ಕಾರ್ಖಾನೆ ಮುಚ್ಚಿದರೆ?

ಈ ಪ್ರಶ್ನೆಯನ್ನು ಹೋಲಿಕೆ ಮಾಡುವವರು ಕೇಳುವುದೇ ಇಲ್ಲ. ನನಗೆ ಇದೇ ಮುಖ್ಯ ಅನ್ನಿಸುತ್ತದೆ.

2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಸುಟ್ಟುಹೋಯಿತು. ರೆಕಾರ್ಡಿನ ಮೊದಲ ಅಚ್ಚು ಕೊರೆಯುವ ಲ್ಯಾಕರ್ ತಟ್ಟೆಗಳನ್ನು ಜಗತ್ತಿಗೆ ಒದಗಿಸುತ್ತಿದ್ದ ಎರಡೇ ಕಾರ್ಖಾನೆಗಳಲ್ಲಿ ಅದೊಂದು. ಇನ್ನೊಂದು ಜಪಾನಿನಲ್ಲಿದೆ. ರೆಕಾರ್ಡ್ ಯುಗ ಮುಗಿಯಿತು ಎಂದು ಹುಯಿಲೆದ್ದಿತು. ಅದೇ ವರ್ಷ ಅಮೆರಿಕದಲ್ಲಿ ರೆಕಾರ್ಡ್ ಮಾರಾಟದ ಹಣ 1986ರ ನಂತರ ಮೊದಲ ಸಲ ಸಿಡಿಯನ್ನು ಮೀರಿಸಿತು. ಒಂದು ವೇಳೆ ನಿಜಕ್ಕೂ ಮುಗಿದಿದ್ದರೂ ನಿಮ್ಮ ಕಪಾಟಿನಲ್ಲಿರುವ ತಟ್ಟೆಗೆ ಅದರ ಹಂಗಿಲ್ಲ. ಮುಳ್ಳೊಂದು ಸಿಕ್ಕರೆ ಸಾಕು, ಹಾಡುತ್ತಲೇ ಇರುತ್ತದೆ.

ಫಿಲ್ಮ್ ಹಾಗಲ್ಲ. ಕೊಡ್ಯಾಕ್ 1935ರಲ್ಲಿ ತಂದ ಕೊಡಾಕ್ರೋಮ್ ಎಂಬ ಕಲರ್ ಫಿಲ್ಮನ್ನು 2009ರಲ್ಲಿ ನಿಲ್ಲಿಸಿತು. ಅದನ್ನು ತೊಳೆಯುವ ರಾಸಾಯನಿಕ ವಿಧಾನ ಅದಕ್ಕೊಂದಕ್ಕೇ ಮೀಸಲು. ಅದನ್ನು ಮಾಡುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕಾನ್ಸಾಸ್‌ನಲ್ಲಿದ್ದದ್ದು, 2010ರ ಡಿಸೆಂಬರ್ ಕೊನೆಗೆ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆಮೇಲೆ ಡ್ರಾಯರಿನಲ್ಲಿ ಉಳಿದ ಕೊಡಾಕ್ರೋಮ್ ರೀಲುಗಳ ಬಣ್ಣ ಒಳಗೇ ಉಳಿಯಿತು. ನಡುವೆ ಸಮಾಧಾನದ ಸುದ್ದಿಗಳೂ ಇವೆ. ನಿಂತುಹೋಗಿದ್ದ ಕೊಡ್ಯಾಕಿನ ಇನ್ನೊಂದು ಫಿಲ್ಮ್ ಎಕ್ಟಾಕ್ರೋಮ್ 2018ರಲ್ಲಿ ಮರಳಿ ಬಂತು, ಬ್ರಿಟನ್ನಿನ ಹಾರ್ಮನ್ ಕಂಪನಿ 2023ರಲ್ಲಿ ಫೀನಿಕ್ಸ್ ಎಂಬ ಹೊಸ ಕಲರ್ ಫಿಲ್ಮ್ ತಂದಿತು, 2024ರಲ್ಲಿ ಪೆಂಟಾಕ್ಸ್ ಹೊಸ ಫಿಲ್ಮ್ ಕ್ಯಾಮೆರಾವನ್ನೇ ಬಿಟ್ಟಿತು. ಆದರೂ ಕಲರ್ ಫಿಲ್ಮ್ ಮಾಡಬಲ್ಲ ಕಾರ್ಖಾನೆಗಳು ಬೆರಳೆಣಿಕೆ. ಕಪ್ಪುಬಿಳುಪು ಮಾತ್ರ ಗಟ್ಟಿ ಜೀವ. 1891ರ ರೊಡಿನಾಲ್, 1927ರ ಡಿ-76 ಡೆವಲಪರ್‌ಗಳನ್ನು (ಚಿತ್ರ ಮೂಡಿಸುವ ರಾಸಾಯನಿಕಗಳನ್ನು) ಜನ ಇವತ್ತಿಗೂ ಅಡುಗೆಮನೆಯ ಸಿಂಕಿನ ಪಕ್ಕ ಕಲಸಿಕೊಳ್ಳುತ್ತಾರೆ. ದೀರ್ಘಕಾಲದ ಹವ್ಯಾಸ ಎಂದರೆ ನಾನು ಕಪ್ಪುಬಿಳುಪಿಗೇ ಓಟು ಹಾಕುವುದು.

ರೆಕಾರ್ಡ್ ಎಂದು ತೀರ್ಮಾನಿಸಿದರೆ

ಸೂಟ್‌ಕೇಸ್ ಆಕಾರದ ಮುದ್ದಾದ ಪ್ಲೇಯರ್‌ಗಳ ಕಡೆ ಕೈ ಹೋಗುತ್ತದೆ, ಹಿಂದಕ್ಕೆಳೆದುಕೊಳ್ಳಿ. ಒಳ್ಳೆಯ ಕಾರ್ಟ್ರಿಜ್ (ಮುಳ್ಳು ಕೂತಿರುವ ಗೂಡು) ತಟ್ಟೆಯ ಮೇಲೆ ಒಂದೂವರೆಯಿಂದ ಎರಡೂವರೆ ಗ್ರಾಂ ಭಾರ ಹಾಕುತ್ತದೆ. ಈ ಸೂಟ್‌ಕೇಸುಗಳ ಸೆರಾಮಿಕ್ ಕಾರ್ಟ್ರಿಜ್ ಐದು ಗ್ರಾಂ ಆಸುಪಾಸು ಒತ್ತುತ್ತದೆ, ಹೊಂದಿಸಿಕೊಳ್ಳಲು ತಿರುಪೂ ಇರುವುದಿಲ್ಲ. ಸ್ಪೀಕರ್ ಬೇರೆ ಅದೇ ಪೆಟ್ಟಿಗೆಯೊಳಗೆ ಅದುರುತ್ತಿರುತ್ತದೆ. ಹಿಂದೆ ತಿರುಗಿಸುವ ತೂಕದ ಗುಂಡು ಇರುವ ತೋಳು, ಬದಲಿಸಬಹುದಾದ ಮುಳ್ಳು, ಇವೆರಡು ಇದ್ದರೆ ಮೋಟರ್ ಪಟ್ಟಿಯಿಂದ ತಿರುಗಿಸುವ ಬೆಲ್ಟ್ ಡ್ರೈವ್ ಆದರೇನು, ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಆದರೇನು. 1972ರ ಟೆಕ್ನಿಕ್ಸ್ ಎಸ್‌ಎಲ್-1200ರಂಥ ಡೈರೆಕ್ಟ್ ಡ್ರೈವ್ ಯಂತ್ರಗಳು ಡಿಜೆಗಳ ಕೈಯಲ್ಲಿ ಪಳಗಿ ಇವತ್ತಿಗೂ ಓಡುತ್ತಿವೆ.

ಫೋನೊ ಪ್ರಿಆಂಪ್ ಯಾಕೆ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಮಂದ್ರದ ಅಲೆಗಳು ಅಗಲ. ಇದ್ದಂತೆಯೇ ಕೊರೆದರೆ ಒಂದು ಬದಿಗೆ 20 ನಿಮಿಷ ಹಿಡಿಯುವುದಿಲ್ಲ. ಹಾಗಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. 1950ರ ದಶಕದಿಂದ ಎಲ್ಲರೂ ಒಪ್ಪಿಕೊಂಡ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ವಕ್ರರೇಖೆ ಇದು. ಪ್ರಿಆಂಪ್ ಅದನ್ನು ತಿರುವುಮುರುವು ಮಾಡಿ ಸರಿದೂಗಿಸುತ್ತದೆ. ಇದಿಲ್ಲದೆ ನೇರ ಜೋಡಿಸಿದರೆ ತಗಡಿನ ಡಬ್ಬಿಯೊಳಗಿಂದ ಸೊಳ್ಳೆ ಹಾಡಿದಂತೆ ಕೇಳುತ್ತದೆ.

ಹೊಸ ಮರುಮುದ್ರಣವೋ, ಹಳೆಯ ಮೂಲ ಪ್ರತಿಯೋ? ಹೊಸದಕ್ಕೆ 180 ಗ್ರಾಂ ಎಂಬ ಸ್ಟಿಕ್ಕರ್ ಇದ್ದರೆ ಅದಕ್ಕಾಗಿ ಹೆಚ್ಚು ಕೊಡಬೇಡಿ, ತೂಕದಿಂದ ದನಿ ಸುಧಾರಿಸುವುದಿಲ್ಲ. ಹಳೆಯದಾದರೆ ಎದುರಿಗೆ ನೋಡಿ ಕೊಳ್ಳುವುದೇ ಮೇಲು. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ತನ್ನಿ, ಸೊಟ್ಟಗಾಗಿದ್ದರೆ ತಕ್ಷಣ ಕಾಣುತ್ತದೆ. ಆಮೇಲೆ ಬೆಳಕು ಓರೆಯಾಗಿ ಬೀಳುವಂತೆ ವಾಲಿಸಿ. ಕೂದಲೆಳೆಯ ಗೀರುಗಳಿಗೆ ಹೆದರಬೇಡಿ, ಉಗುರಿನ ತುದಿಗೆ ತಾಕುವ ಗೀರಿಗೆ ಹೆದರಿ. ಗೆರೆಗೆ ಅಡ್ಡ ಬಿದ್ದದ್ದು ಟಿಕ್ ಟಿಕ್ ಅನ್ನಿಸಿ ಮುಂದೆ ಬಿಡುತ್ತದೆ, ಗೆರೆಯ ಗುಂಟ ಬಿದ್ದದ್ದು ಮುಳ್ಳನ್ನು ಹಿಡಿದಿಟ್ಟುಕೊಂಡು ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಮಾಡುತ್ತದೆ. ಕೊನೆಗೆ ನಡುವಿನ ತೂತಿನ ಸುತ್ತ ಲೇಬಲ್ ನೋಡಿ. ಕಡ್ಡಿಗೆ ತೂತು ಸಿಗದೆ ತಡಕಾಡಿದವರ ಗುರುತು ಅಲ್ಲಿ ಜೇಡನ ಕಾಲಿನಂತೆ ಸಣ್ಣ ಗೆರೆಗಳಾಗಿ ಉಳಿದಿರುತ್ತದೆ. ಅದು ಹೆಚ್ಚಿದ್ದಷ್ಟೂ ತಟ್ಟೆ ಹೆಚ್ಚು ಓಡಿದೆ. ಆನ್‌ಲೈನ್ ಮಾರಾಟದಲ್ಲಿ 'ವಿಜಿ' ದರ್ಜೆಯನ್ನು ಹೆಸರು ನೋಡಿ ನಂಬಬೇಡಿ. ವೆರಿ ಗುಡ್, 'ಬಹಳ ಒಳ್ಳೆಯದು' ಎಂಬುದರ ಚಿಕ್ಕ ರೂಪವಾದರೂ ಚಟಪಟ ಧಾರಾಳ. 'ವಿಜಿ ಪ್ಲಸ್' ನಿಮ್ಮ ಕೆಳಮಿತಿಯಾಗಿರಲಿ.

ನಿಮಿಷಕ್ಕೆ 78 ಸುತ್ತು ಸುತ್ತುವ ಹಳೆ ತಟ್ಟೆಗಳ ಮೋಹವಿದ್ದವರಿಗೆ ಎಚ್ಚರಿಕೆ. 1948ರಲ್ಲಿ ಕೊಲಂಬಿಯಾ ಎಲ್‌ಪಿ ತರುವ ಮೊದಲು ರಾಜ್ಯಭಾರ ಮಾಡಿದ್ದು ಇವೇ. 10 ಇಂಚಿನ ತಟ್ಟೆಯಾದರೆ ಬದಿಗೆ ಮೂರು ನಿಮಿಷ ಚಿಲ್ಲರೆ. ಅವುಗಳ ಮೈಗೆ ಶೆಲ್ಯಾಕ್, ಅಂದರೆ ಅರಗು. ಪಾಂಡವರ ಅರಗಿನ ಮನೆ ನೆನಪಿರುವವರಿಗೆ ಬಿಸಿಯ ಹತ್ತಿರ ಇಡಬೇಡಿ ಎಂದು ಹೇಳಬೇಕಿಲ್ಲ. ಆದರೆ ಅರಗು ಆಲ್ಕೊಹಾಲ್‌ನಲ್ಲೂ ಕರಗುತ್ತದೆ. ಎಲ್‌ಪಿ ಒರೆಸುವ ಆಲ್ಕೊಹಾಲ್ ಬೆರೆತ ದ್ರಾವಣ ಇದಕ್ಕೆ ತಾಕಿಸಿದರೆ ಹಾಡೇ ಬಟ್ಟೆಗೆ ಬರುತ್ತದೆ. ಗೆರೆ ಅಗಲವಾದ್ದರಿಂದ ಮುಳ್ಳೂ ಬೇರೆಯೇ ಬೇಕು.

ಫಿಲ್ಮ್ ಎಂದು ತೀರ್ಮಾನಿಸಿದರೆ

ಕ್ಯಾಮೆರಾ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಕೆಟ್ಟರೆ ರಿಪೇರಿ ಆಗುತ್ತದಾ? ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2 ತರಹದ ಮೆಕ್ಯಾನಿಕಲ್ ಎಸ್‌ಎಲ್‌ಆರ್‌ಗಳಿಗೆ (ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾಗಳಿಗೆ) ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಅದು ಸತ್ತರೂ ಶಟರ್ ಟಪ್ಪೆನ್ನುತ್ತದೆ. 1976ರ ಕ್ಯಾನನ್ ಎಇ-1 ಒಳ್ಳೆಯದೇ, ಆದರೆ ಬ್ಯಾಟರಿ ಇಲ್ಲದೆ ಶಟರ್ ಅಲುಗುವುದಿಲ್ಲ. ಜೇಬಿಗೆ ಹೋಗುವ ಆಟೊಮ್ಯಾಟಿಕ್ ಕ್ಯಾಮೆರಾಗಳಿಗೆ ತಾರೆಯರ ಕೈಯಲ್ಲಿ ಕಾಣಿಸಿಕೊಂಡ ಮೇಲೆ ಸಿಕ್ಕಾಪಟ್ಟೆ ಬೆಲೆ. ಒಳಗಿನ ಸರ್ಕ್ಯೂಟ್ ಸುಟ್ಟರೆ ಅವು ಕಾಗದ ಹಾರದಂತೆ ಇಡಲು ಲಾಯಕ್ಕು. ಅದಕ್ಕೆ ನಾನು ಮೊದಲ ಕ್ಯಾಮೆರಾ ಎಂದರೆ ಮೆಕ್ಯಾನಿಕಲ್ ಎಸ್‌ಎಲ್‌ಆರ್, 50 ಎಂಎಂ ಲೆನ್ಸ್ ಎನ್ನುವುದು. ಬೇರೆ ಕಿಂಡಿಯಿಂದ ನೋಡಿ ಫೋಕಸ್ ಮಾಡುವ ರೇಂಜ್‌ಫೈಂಡರ್ ಆಸೆ ಆಮೇಲೆ ತೀರಿಸಿಕೊಳ್ಳಿ.

35 ಎಂಎಂ ಚೌಕಟ್ಟು 24×36 ಮಿಲಿಮೀಟರ್. ಒಂದು ರೀಲಿಗೆ 36 ಚಿತ್ರ. 1901ರಿಂದ ಇರುವ 120 ಫಿಲ್ಮಿನ ಚೌಕಾಕಾರದ ಚಿತ್ರ ಅದಕ್ಕಿಂತ ಸುಮಾರು ಮೂರೂವರೆ ಪಟ್ಟು ದೊಡ್ಡದು, ಆದರೆ ರೀಲಿಗೆ 12 ಮಾತ್ರ. ಮಕ್ಕಳ ಓಡಾಟ, ಪ್ರಯಾಣ ಎಂದರೆ 35 ಎಂಎಂ. ಟ್ರೈಪಾಡ್ ಹಾಕಿ ಒಂದು ಮರಕ್ಕೆ ಅರ್ಧ ಗಂಟೆ ಕೊಡುವ ಜಾತಿಯವರಾದರೆ 120. ರೀಲಿನ ಬೆಲೆಗೆ ಅಂಜುವವರಿಗೆ ಹಾಫ್ ಫ್ರೇಮ್ ಕ್ಯಾಮೆರಾ ಇದೆ, 36ರ ಜಾಗದಲ್ಲಿ 72. ಪೆಂಟಾಕ್ಸ್‌ನ ಆ ಹೊಸ ಕ್ಯಾಮೆರಾ ಇದೇ ಬಗೆಯದು. ನನಗೆ 72 ಜಾಸ್ತಿ ಆಯಿತು. ರೀಲು ಮುಗಿಯುವ ಹೊತ್ತಿಗೆ ಮೊದಲ ಚಿತ್ರ ಎಲ್ಲಿ ತೆಗೆದದ್ದೆಂದೇ ಮರೆತಿರುತ್ತದೆ. ಪೊಲರಾಯ್ಡ್, ಇನ್‌ಸ್ಟ್ಯಾಕ್ಸ್ ಬೇರೆಯೇ ಆಟ, ನೆಂಟರಿಷ್ಟರ ಮೋಜಿಗೆ ಚೆನ್ನ.

ಹಳೆ ಕ್ಯಾಮೆರಾ ಕೈಗೆ ಬಂದಾಗ ಹಿಂದಿನ ಬಾಗಿಲು ತೆರೆದು ಅಂಚಿನ ಕಪ್ಪು ಸ್ಪಂಜನ್ನು ಬೆರಳಿನಿಂದ ಒತ್ತಿ. ಟಾರಿನಂತೆ ಅಂಟಿದರೆ ಬೆಳಕು ಸೋರುತ್ತದೆ ಎಂದರ್ಥ. ಅದು ಸಣ್ಣ ರಿಪೇರಿ, ಹೆದರಬೇಕಿಲ್ಲ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರಬಲೆಯಂಥ ಕವಲುಗಳು ಕಂಡರೆ ಅದು ಬೂಷ್ಟು, ಅಂಥದ್ದನ್ನು ಬಿಟ್ಟುಬಿಡಿ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, 'ಸಾವಿರದ ಒಂದು' ಎಂದು ಹೇಳಿಮುಗಿಸುವಷ್ಟರಲ್ಲಿ ಮುಚ್ಚಬೇಕು. ಎಣ್ಣೆ ಒಣಗಿದ ಕ್ಯಾಮೆರಾಗಳು ಇಲ್ಲೇ ಸಿಕ್ಕಿಬೀಳುತ್ತವೆ. 1970ರ ದಶಕಕ್ಕೆ ಹಿಂದಿನದಾದರೆ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿ ಕೇಳಬಹುದು. ಅವು ಈಗ ನಿಷಿದ್ಧ, ಬದಲಿ ಹಾಕಿದರೆ ಅಳತೆ ತಪ್ಪುತ್ತದೆ. ತಲೆ ಕೆಡಿಸಿಕೊಳ್ಳದೆ ಬಿಸಿಲಿನ ಲೆಕ್ಕ ಬಳಸಿ. ನಿಚ್ಚಳ ಬಿಸಿಲಿದ್ದರೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/16, ಶಟರ್ ಫಿಲ್ಮಿನ ಐಎಸ್‌ಒ (ಬೆಳಕಿನ ಸಂವೇದನೆ) ಸಂಖ್ಯೆಯ ಹತ್ತಿರದ್ದು. 200ರ ಫಿಲ್ಮಿಗೆ 1/250.

ಈಗ ನನ್ನ ದಡ್ಡತನ. ಎರಡನೇ ರೀಲಿನಲ್ಲಿ 36 ಮುಗಿದ ಮೇಲೂ ಕ್ಯಾಮೆರಾ ಮುಂದೆ ಹೋಗುತ್ತಲೇ ಇತ್ತು. 39, 40. ಪುಣ್ಯಕ್ಕೆ ಫಿಲ್ಮ್ ಉದ್ದ ಬಂದಿದೆ ಎಂದು ಹಿಗ್ಗಿದೆ. ಹಿಂದಕ್ಕೆ ಸುತ್ತಲು ಹೋದರೆ ಹಿಡಿಕೆಗೆ ಭಾರವೇ ಇಲ್ಲ, ಗಾಳಿಯಲ್ಲಿ ತಿರುಗಿದಂತೆ. ಬಾಗಿಲು ತೆರೆದೆ. ಫಿಲ್ಮಿನ ನಾಲಗೆ ಬಲಗಡೆಯ ಸುರುಳಿಯಿಂದ ಜಾರಿ ಹಾಕಿದಲ್ಲೇ ಕೂತಿತ್ತು. ಒಂದು ಇಡೀ ಪ್ರವಾಸದ ಚಿತ್ರಗಳು ಯಾವುದರ ಮೇಲೂ ಬಿದ್ದಿರಲಿಲ್ಲ. ಅಂದಿನಿಂದ ರೀಲು ಹಾಕಿ ಬಾಗಿಲು ಮುಚ್ಚಿದ ಮೇಲೆ ಎಡಗಡೆಯ ಹಿಡಿಕೆಯನ್ನು ಬಿಗಿಯಾಗುವವರೆಗೆ ಮೆಲ್ಲಗೆ ಸುತ್ತುತ್ತೇನೆ, ಆಮೇಲೆ ಲಿವರ್ ಎಳೆಯುತ್ತೇನೆ. ಎಳೆದಾಗ ಎಡಗಡೆಯ ಹಿಡಿಕೆ ತಾನಾಗಿ ತಿರುಗಿದರೆ ಫಿಲ್ಮ್ ಓಡುತ್ತಿದೆ. ತಿರುಗದಿದ್ದರೆ ಮತ್ತೆ ತೆರೆದು ನಾಲಗೆ ಸಿಕ್ಕಿಸಬೇಕು.

ತೊಳೆಯುವುದನ್ನು ಮನೆಯಲ್ಲೇ ಮಾಡುವುದಾದರೆ ಕಪ್ಪುಬಿಳುಪು ಸಲೀಸು. ಪೂರ್ತಿ ಕತ್ತಲೆ ಬೇಕಿರುವುದು ರೀಲನ್ನು ಡಬ್ಬಿಗೆ ಏರಿಸುವ ಐದು ನಿಮಿಷಕ್ಕೆ ಮಾತ್ರ. ಉಳಿದದ್ದು 20 ಡಿಗ್ರಿಯ ಆಸುಪಾಸಿನ ನೀರು, ಡೆವಲಪರ್, ಹೈಪೊ (ಮೂಡಿದ ಚಿತ್ರವನ್ನು ನಿಲ್ಲಿಸುವ ದ್ರಾವಣ), ಗಡಿಯಾರ. ಕಲರ್ ನೆಗೆಟಿವ್‌ನ ಸಿ-41 ವಿಧಾನಕ್ಕೆ ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಬಿಸಿ ಅರ್ಧ ಡಿಗ್ರಿ ಅಲುಗಿದರೂ ಬಣ್ಣ ವಾಲುವ ಅಪಾಯ. ಅದನ್ನು ಲ್ಯಾಬಿಗೆ ಬಿಡಿ. ಲ್ಯಾಬಿಗೆ ಕೊಡುವಾಗ ಸ್ಕ್ಯಾನ್ ಸಾಕು ಎಂದು ನೆಗೆಟಿವ್ ಅಲ್ಲೇ ಬಿಟ್ಟುಬರಬೇಡಿ. ನೆಗೆಟಿವ್ ಕೈಯಲ್ಲಿದ್ದರೆ ಸ್ಕ್ಯಾನ್ ಮತ್ತೆ ಮಾಡಿಸಬಹುದು.

ಇಡುವ ಜಾಗ

ಎರಡಕ್ಕೂ ಶತ್ರು ಒಂದೇ, ಬಿಸಿ. ರೆಕಾರ್ಡುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಅಡಿಯವು ಸೊಟ್ಟಗಾಗುತ್ತವೆ. ಅಡ್ಡ ವಾಲಿದರೂ ಅದೇ ಗತಿ. ನೂರು ಎಲ್‌ಪಿ ಎಂದರೆ ಕವರು ಸೇರಿ ಇಪ್ಪತ್ತು ಕಿಲೊ ದಾಟುತ್ತದೆ, ತೆಳು ಕಪಾಟು ತಡೆಯುವುದಿಲ್ಲ. ಮನೆ ಬದಲಿಸುತ್ತಲೇ ಇರುವವರು ಈ ಒಂದು ಕಾರಣಕ್ಕೇ ಕ್ಯಾಮೆರಾ ಆರಿಸಿಕೊಂಡರೆ ನಾನು ಬೇಡ ಅನ್ನುವುದಿಲ್ಲ.

ಬಳಸದ ರೀಲು ಫ್ರಿಜ್ಜಿನಲ್ಲಿರಲಿ. ವಿಮಾನ ಹತ್ತುವಾಗ ಲಗೇಜಿಗೆ ಹಾಕದೆ ಕೈಚೀಲದಲ್ಲಿಟ್ಟು, ಕೈಯಿಂದ ತಪಾಸಣೆ ಮಾಡಿ ಎಂದು ಕೇಳಿಕೊಳ್ಳಿ. ಹೊಸ ಸಿಟಿ ಸ್ಕ್ಯಾನರ್‌ಗಳು ಕಡಿಮೆ ಐಎಸ್‌ಒ ಫಿಲ್ಮನ್ನೂ ಮಂಜಾಗಿಸಬಲ್ಲವು. ಫ್ರಿಜ್ಜಿನಿಂದ ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ತೆರೆಯಬೇಡಿ, ತಣ್ಣಗಿನ ಫಿಲ್ಮಿನ ಮೇಲೆ ಹನಿಗಟ್ಟುತ್ತದೆ. ರಾತ್ರಿಯೇ ತೆಗೆದು ಮೇಜಿನ ಮೇಲಿಟ್ಟರೆ ಬೆಳಿಗ್ಗೆ ಹಾಕಿಕೊಳ್ಳಬಹುದು.